ಮೆಂಫಿಸ್ ಜೋಡಿಯ 1994ರ ಕ್ಯಾಸೆಟ್ ಮತ್ತು ಅದರ ಮರುಬಿಡುಗಡೆ: ಪದೇ ಪದೇ ಕೇಳುವ ಪ್ರಶ್ನೆಗಳು

ಡಿಜೆ ಪಾಲ್ ಮತ್ತು ಲಾರ್ಡ್ ಇನ್‌ಫೇಮಸ್ ಎಂಬ ರ‍್ಯಾಪ್ ಹಾಡುಗಾರರ ಜೋಡಿಯ ಆರಂಭದ ಟೇಪುಗಳ ಬಗ್ಗೆ, ಅಂಥ ಟೇಪುಗಳನ್ನು ಮತ್ತೆ ಹೊರತರುವ ಕೆಲಸದ ಬಗ್ಗೆ ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಮೊದಲು ಕೇಳುಗರವು, ಆಮೇಲೆ ಟೇಪು ಕೈಗೆ ಸಿಕ್ಕವರವು, ಕೊನೆಗೆ ಮರುಬಿಡುಗಡೆಗೆ ಕೈಹಾಕಿದವರವು. ಇಂಥ ಟೇಪುಗಳ ಮರುಬಿಡುಗಡೆ ಕೆಡುವುದು ಬಹುಪಾಲು ಒಂದೇ ಜಾಗದಲ್ಲಿ: ಟೇಪನ್ನು ಡೆಕ್ಕಿಗೆ (ಕ್ಯಾಸೆಟ್ ನುಡಿಸುವ ಯಂತ್ರಕ್ಕೆ) ಹಾಕಿ ಕಂಪ್ಯೂಟರಿಗೆ ಇಳಿಸುವ ಹೊತ್ತಿನಲ್ಲಿ. ಅಲ್ಲಿ ಕಳೆದುಹೋದದ್ದನ್ನು ಬಿಡುಗಡೆಗೆ ಮುನ್ನ ಸದ್ದನ್ನು ಕೊನೆಯದಾಗಿ ತಿದ್ದುವ ಎಂಥ ಮಾಸ್ಟರಿಂಗ್ ಎಂಜಿನಿಯರೂ ವಾಪಸ್ ತರಲಾರ. ಅದಕ್ಕೇ ಆ ಭಾಗದ ಉತ್ತರಗಳು ಉದ್ದವಾಗಿವೆ.

## ಮೊದಲ ಪರಿಚಯ

ಯಾವ ಜೋಡಿ, ಯಾವ ಟೇಪು? ಮೊದಲಿಂದ ಹೇಳಿ.

ಇಬ್ಬರೂ ಅಮೆರಿಕದ ಟೆನೆಸಿ ರಾಜ್ಯದ ಮೆಂಫಿಸ್ ನಗರದವರು. ಡಿಜೆ ಪಾಲ್ ಎಂದರೆ ಪಾಲ್ ಬೊರೆಗಾರ್ಡ್, ಲಾರ್ಡ್ ಇನ್‌ಫೇಮಸ್ ಎಂದರೆ ರಿಕಿ ಡನಿಗನ್. ಮಲಸಹೋದರರು. 90ರ ದಶಕದ ಆರಂಭದಲ್ಲಿ ‘ಸೀರಿಯಲ್ ಕಿಲ್ಲಾಜ್’ ಎಂಬ ಹೆಸರಿಟ್ಟುಕೊಂಡು ಇಬ್ಬರೇ ಟೇಪು ಮಾಡುತ್ತಿದ್ದರು. ಅವುಗಳಲ್ಲಿ ಹೆಚ್ಚು ಹೆಸರಾದದ್ದು 1994ರ ‘ಕಮ್ ವಿತ್ ಮಿ ಟು ಹೆಲ್’. ಎರಡನೇ ಭಾಗ 1995ರಲ್ಲಿ ಬಂತು. ರ‍್ಯಾಪರ್ ಜ್ಯೂಸಿ ಜೆ ಜೊತೆಗೂಡಿದ ಮೇಲೆ ಇದೇ ಬಳಗ ತ್ರೀ 6 ಮಾಫಿಯಾ ಆಯಿತು, 1995ರಲ್ಲಿ ‘ಮಿಸ್ಟಿಕ್ ಸ್ಟೈಲ್ಸ್’ ಆಲ್ಬಮ್ ತಂದಿತು, 2006ರಲ್ಲಿ ಸಿನಿಮಾ ಹಾಡೊಂದಕ್ಕೆ ಆಸ್ಕರನ್ನೂ ಗೆದ್ದಿತು. ಲಾರ್ಡ್ ಇನ್‌ಫೇಮಸ್ 2013ರ ಡಿಸೆಂಬರ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಒಂದು ಬೀಟಿನೊಳಗೆ ಮೂರು ಮೂರು ಅಕ್ಷರ ಕೂರಿಸಿ ಓಡುವ ಅವರ ಶೈಲಿ ಇವತ್ತಿನ ಟ್ರ್ಯಾಪ್ ಎಂಬ ರ‍್ಯಾಪ್ ಶೈಲಿಯ ಹಾಡುಗಳಲ್ಲೆಲ್ಲ ಕೇಳುತ್ತದೆ. ಅದನ್ನು ಎಳೆಯ ರೂಪದಲ್ಲಿ ಕೇಳಬೇಕೆಂದರೆ ಈ ಟೇಪುಗಳಿಗೇ ಹೋಗಬೇಕು.

ಆಗ ಇವನ್ನೆಲ್ಲ ಯಾರು ಮಾರ್ತಿದ್ರು? ಕ್ಯಾಸೆಟ್ ಕಂಪನಿ ಅಂತ ಇರಲಿಲ್ವಾ?

ಇರಲಿಲ್ಲ. ಮನೆಯಲ್ಲೇ ಎರಡು ಡೆಕ್ ಜೋಡಿಸಿ ಕಾಪಿ ತೆಗೆಯುವುದು, ಹೊದಿಕೆಯ ಕಾಗದವನ್ನು ಜೆರಾಕ್ಸ್ ಮಾಡಿಸುವುದು, ಕಾರ್ ಸ್ಟೀರಿಯೊ ಅಂಗಡಿಗಳಿಗೆ, ಪರಿಚಯದವರಿಗೆ ಹಂಚುವುದು. ಖಾಲಿಯಾದರೆ ಮತ್ತೆ ಒಂದಷ್ಟು ಕಾಪಿ. ಬೇಡಿಕೆ ಬೆಳೆದ ಮೇಲೆ ಮೆಂಫಿಸ್‌ನದ್ದೇ ಹಳೆಯ ವಿತರಕ ಸಂಸ್ಥೆ ಸೆಲೆಕ್ಟ್‌–ಒ–ಹಿಟ್ಸ್ ಮೂಲಕ ‘ಮಿಸ್ಟಿಕ್ ಸ್ಟೈಲ್ಸ್’ ಹೊರಗಿನ ಊರುಗಳಿಗೂ ಹೋಯಿತು. ಆರಂಭದ ಟೇಪುಗಳಿಗೆ ‘ಮೂಲ ಪ್ರತಿ’ ಎಂದು ಒಂದನ್ನೇ ಬೆರಳಿಟ್ಟು ತೋರಿಸಲು ಆಗದಿರುವುದು ಇದರಿಂದಲೇ. ಒಂದೇ ಟೇಪಿನ ಎರಡು ಕಾಪಿಗಳಲ್ಲಿ ಸ್ಪೀಡು, ಹಿಸ್ (ಟೇಪಿನ ಸುಯ್‌ಗುಡುವ ಸದ್ದು), ಹಾಡುಗಳ ನಡುವಿನ ಕಡಿತ ಎಲ್ಲವೂ ಬೇರೆ ಬೇರೆ ಇರಬಹುದು.

ಕೇಳಿದ್ರೆ ಬಾವಿಯೊಳಗಿಂದ ಬಂದಂಗೆ ಮಂಕಾಗಿದೆ. ರೆಕಾರ್ಡಿಂಗೇ ಹಾಗಾ, ಕಾಪಿ ಕೆಟ್ಟಿದೆಯಾ?

ಎರಡೂ ಇದೆ. ಪಾಲು ಹೇಗೆ ಎಂದು ತಿಳಿದುಕೊಳ್ಳಿ. ಡ್ರಮ್ ಮಷೀನು, ಸ್ಯಾಂಪಲ್ (ಬೇರೆ ರೆಕಾರ್ಡಿನಿಂದ ಎತ್ತಿದ ತುಂಡು), ಒಂದು ಮೈಕು, ಕ್ಯಾಸೆಟ್ ಮೇಲೇ ದಾಖಲಿಸುವ ನಾಲ್ಕು ಟ್ರ್ಯಾಕಿನ ರೆಕಾರ್ಡರು: ಆ ಕಾಲದ ಮನೆ ಸ್ಟುಡಿಯೊ ಎಂದರೆ ಇಷ್ಟೇ. ಅಲ್ಲಿಂದ ಎರಡು ಟ್ರ್ಯಾಕಿನ ಮಿಕ್ಸ್, ಅದರಿಂದ ಕಾಪಿ, ಕಾಪಿಯಿಂದ ಕಾಪಿ. ಪ್ರತಿ ಮೆಟ್ಟಿಲಿಗೆ ಹಿಸ್ ಏರುತ್ತದೆ, ಹೈ–ಹ್ಯಾಟ್ (ಡ್ರಮ್ಮಿನ ಜೋಡಿ ತಾಳದ ಚೂಪು ಸದ್ದು) ಸವೆಯುತ್ತದೆ. ಡಬಲ್ ಡೆಕ್ಕಿನ ‘ಹೈಸ್ಪೀಡ್ ಡಬ್ಬಿಂಗ್’ ಗುಂಡಿ ಒತ್ತಿ ತೆಗೆದದ್ದಾದರೆ ಇನ್ನಷ್ಟು ಸವೆತ. ಬಾಸ್ ಮಾತ್ರ ಗಟ್ಟಿಯಾಗಿ ಉಳಿಯುತ್ತದೆ, ಏಕೆಂದರೆ ಟೇಪಿನ ಮೇಲೆ ಅದರ ಅಲೆ ಉದ್ದ, ಸುಲಭಕ್ಕೆ ಅಳಿಯುವುದಿಲ್ಲ. ಗೊಣಗುವ ಕತ್ತಲೆಯ ಬಾಸು, ಅದರ ಹಿಂದೆ ಎಲ್ಲೋ ಕೂತ ದನಿ, ಇದು ಮೆಂಫಿಸ್ ಸದ್ದಿನ ಗುರುತೇ ಆಗಿಬಿಟ್ಟಿತು. ಆದರೆ ಇಂಟರ್ನೆಟ್ಟಿನಲ್ಲಿ ಸಿಗುವ ಬಹಳ ಕಾಪಿಗಳ ಮಂಕುತನಕ್ಕೆ ಮೆಂಫಿಸ್ ಕಾರಣವಲ್ಲ, ಹೆಡ್ (ಟೇಪಿನಿಂದ ಸದ್ದು ಓದುವ ಭಾಗ) ಓರೆಯಾಗಿದ್ದ ಡೆಕ್ಕು ಕಾರಣ. ಅಷ್ಟು ಭಾಗವನ್ನು ಸರಿಪಡಿಸಬಹುದು.

ಮಕ್ಕಳಿರೋ ಮನೇಲಿ ಹಾಕಬಹುದಾ?

ಬೇಡ. ಕೊಲೆ, ದೆವ್ವ, ಮಾದಕವಸ್ತು, ಹೆಂಗಸರ ಬಗ್ಗೆ ಕ್ರೂರವಾದ ಮಾತು ಎಲ್ಲವೂ ಇವೆ. ಭಯಾನಕ ಸಿನಿಮಾದ ಧಾಟಿಯ ಕಲ್ಪನೆಯೆಂದು ಗೊತ್ತಿದ್ದರೂ ದೊಡ್ಡವರಲ್ಲೇ ಕೆಲವರಿಗೆ ಒಗ್ಗುವುದಿಲ್ಲ.

ಟೇಪಿಲ್ಲದೆ, ಅಧಿಕೃತವಾಗಿ, ಎಲ್ಲಿಂದ ಕೇಳೋಕೆ ಶುರು ಮಾಡ್ಲಿ?

1999ರಲ್ಲಿ ಬಂದ ‘ಅಂಡರ್‌ಗ್ರೌಂಡ್ ವಾಲ್ಯೂಮ್ 1: 1991–1994’ ಸಂಕಲನದಿಂದ ಶುರುಮಾಡಿ. ಬಳಗದ ಹಳೆಯ ಟೇಪುಗಳಿಂದ ಆರಿಸಿ ತಂದ ಮರುಬಿಡುಗಡೆ ಅದು. ಮುಂದಿನ ಎರಡು ಸಂಪುಟಗಳೂ ಇವೆ. ಆಮೇಲೆ ‘ಕಮ್ ವಿತ್ ಮಿ ಟು ಹೆಲ್’ನ ರಿಮಾಸ್ಟರ್ ಆದ ಪ್ರತಿ, ಅದರ ಬೆನ್ನಿಗೇ ‘ಮಿಸ್ಟಿಕ್ ಸ್ಟೈಲ್ಸ್’. ಈ ಅನುಕ್ರಮದಲ್ಲಿ ಕೇಳಿದರೆ ಇಬ್ಬರ ಮನೆಗೆಲಸ ಗುಂಪಿನ ಸದ್ದಾಗಿ ಬೆಳೆದದ್ದು ಕಿವಿಗೇ ತಿಳಿಯುತ್ತದೆ. ಒಂದು ಎಚ್ಚರ: ಒಂದೇ ಹೆಸರಿನ ಹಾಡು ಬೇರೆ ಬೇರೆ ರೆಕಾರ್ಡಿಂಗ್ ಆಗಿರಬಹುದು. ಟೇಪಿನಲ್ಲಿ ಮಾಡಿದ್ದನ್ನು ಆಲ್ಬಮ್ಮಿಗೆ ಹೊಸದಾಗಿ ಹಾಡುವ ಅಭ್ಯಾಸ ಅವರಿಗಿತ್ತು. ಎರಡನ್ನು ಹೋಲಿಸಿ ‘ರಿಮಾಸ್ಟರ್ ಚೆನ್ನಾಗಿದೆ’ ಅನ್ನುವ ಮೊದಲು ಅದೇ ಟೇಕ್ ಹೌದೋ ಅಲ್ಲವೋ ನೋಡಿ.

## ಟೇಪು ಕೈಗೆ ಸಿಕ್ಕವರಿಗೆ

ಒರಿಜಿನಲ್ ಕಾಪಿ ಅಂತ ಭಾರೀ ರೇಟ್ ಹೇಳ್ತಿದ್ದಾರೆ. ನಂಬಿ ತಗೊಳ್ಲಾ?

ಕವರ್ ನೋಡಿ ನಂಬಬೇಡಿ, ಜೆರಾಕ್ಸನ್ನು ಯಾರು ಬೇಕಾದರೂ ಜೆರಾಕ್ಸ್ ಮಾಡಬಹುದು. ಮಾರುವವರಿಂದ ಒಂದು ನಿಮಿಷದ ಸದ್ದನ್ನು ಕುಗ್ಗಿಸದ ವೇವ್ ಫೈಲಾಗಿ ಕೇಳಿ ತರಿಸಿಕೊಂಡು ಸ್ಪೆಕ್ಟ್ರೋಗ್ರಾಮ್ (ಯಾವ ಎತ್ತರದ ಸದ್ದು ಎಷ್ಟಿದೆಯೆಂದು ತೋರಿಸುವ ಚಿತ್ರ) ತೆರೆಯಿರಿ. ಆಡಾಸಿಟಿಯಂಥ ಉಚಿತ ತಂತ್ರಾಂಶ ಸಾಕು. ಟೇಪಿನಿಂದ ಟೇಪಿಗೆ ಬಂದ ಸದ್ದು ಮೇಲಕ್ಕೆ ಹೋದಂತೆ ನಿಧಾನವಾಗಿ ಮಾಸುತ್ತದೆ. ಇಂಟರ್ನೆಟ್ಟಿನ 128 ಕೆಬಿಪಿಎಸ್ ಎಂಪಿ3ಯನ್ನು ಹೊಸ ಕ್ಯಾಸೆಟ್ಟಿಗೆ ತುಂಬಿದ್ದರೆ ಸುಮಾರು 16 ಕಿಲೋಹರ್ಟ್ಸ್ ಹತ್ತಿರ ಗೋಡೆ ಕಟ್ಟಿದಂತೆ ನೇರ ಗೆರೆ ಬಿದ್ದಿರುತ್ತದೆ, ಅದರಾಚೆ ಟೇಪಿನ ಹಿಸ್ ಮಾತ್ರ. ಆ ಗೆರೆ ಕಂಡರೆ ವ್ಯಾಪಾರ ಬಿಡಿ. ಗೆರೆ ಇಲ್ಲದಿದ್ದರೆ ಒರಿಜಿನಲ್ಲೇ ಎಂದೂ ಅಲ್ಲ, ತೀರಾ ಮಂಕಾದ ಟೇಪಿನಲ್ಲಿ ಅಷ್ಟು ಮೇಲೆ ಏನೂ ಇರುವುದೇ ಇಲ್ಲ. ಶೆಲ್‌ನ (ಕ್ಯಾಸೆಟ್ಟಿನ ಪ್ಲಾಸ್ಟಿಕ್ ಗೂಡಿನ) ಮಾದರಿ 1994ರ ಆಚೀಚಿನದೇ, ಫೆಲ್ಟ್ ಪ್ಯಾಡ್ ಹಳೆಯದಾಗಿ ಹಳದಿಗಟ್ಟಿದೆಯೇ, ಹೊದಿಕೆಯ ಮಡಿಕೆ ಸವೆದಿದೆಯೇ ಎಂಬುದನ್ನೂ ಸೇರಿಸಿ ತೀರ್ಮಾನಿಸಿ.

ಸುರುಳಿ ಅಂಚಲ್ಲಿ ಬಿಳೀ ಬೂಷ್ಟು ಕಾಣ್ತಿದೆ. ಒಂದ್ಸಲ ಪ್ಲೇ ಮಾಡಿ ನೋಡ್ಲಾ?

ಪ್ಲೇ ಮಾಡಲೇಬೇಡಿ. ಬೂಷ್ಟಿನ ಪುಡಿ ಹೆಡ್ಡಿಗೆ ಮೆತ್ತಿ ನಿಮ್ಮ ಮುಂದಿನ ಟೇಪುಗಳಿಗೂ ಹರಡುತ್ತದೆ. ಟೇಪನ್ನು ಜಿಪ್ ಚೀಲದಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು ಮೊದಲು ಒಣಗಿಸಿ, ಕೆಲವು ವಾರ ಬಿಡಿ. ಒಣಗಿದ ಬೂಷ್ಟು ಪುಡಿಯಾಗಿ ಬಿಡುತ್ತದೆ, ಹಸಿಯಾಗಿದ್ದರೆ ಬಳಿದುಕೊಳ್ಳುತ್ತದೆ. ಆಮೇಲೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಸ್ಕ್ರೂ ಇರುವ ಶೆಲ್ ಆದರೆ ಬಿಚ್ಚಿ, ಸುರುಳಿಯ ಅಂಚನ್ನು ಮೆತ್ತನೆ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಸವರಿ. ಅದಕ್ಕೆಂದೇ ಬೇರೆ ಇಟ್ಟ ಹಳೆಯ ಡೆಕ್ಕಿನಲ್ಲಿ, ಒಣ ಬಟ್ಟೆಯ ಮೃದು ತುಂಡಿನ ಮೇಲೆ ಟೇಪು ಹಾಯುವಂತೆ ಮಾಡಿ ಮೆಲ್ಲಗೆ ಸುತ್ತಿಸಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಈ ಕೆಲಸ ಮಾಡಹೋಗಬೇಡಿ, ಒಣಗಿದ್ದು ಸಂಜೆಗೇ ಮತ್ತೆ ತೇವ ಹಿಡಿಯುತ್ತದೆ.

ಸದ್ದು ಒಂದ್ಸಲ ಬರುತ್ತೆ, ಒಂದ್ಸಲ ಮಾಯ ಆಗುತ್ತೆ. ಟೇಪು ಹೋಯ್ತಾ?

ಕ್ಯಾಸೆಟ್ಟಿನ ಬಾಯಿಯ ಮಧ್ಯೆ, ಟೇಪಿನ ಹಿಂದೆ ಫೆಲ್ಟಿನ ಪುಟ್ಟ ಪ್ಯಾಡ್ ಇದೆಯೇ ನೋಡಿ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಅಂಟು ಒಣಗಿ ಉದುರಿದ್ದರೆ ಟೇಪು ಹೆಡ್ಡಿನಿಂದ ದೂರ ಸರಿದು ಮೊದಲು ಹೈ–ಹ್ಯಾಟ್ ಹೋಗುತ್ತದೆ, ಆಮೇಲೆ ಸದ್ದೇ ತೂಗಾಡುತ್ತದೆ. ಪ್ಯಾಡ್ ಅಂಟಿಸುವ ಗೋಜಿಗಿಂತ ಟೇಪನ್ನು ಐದು ಸ್ಕ್ರೂಗಳ ಹೊಸ ಶೆಲ್ಲಿಗೆ ವರ್ಗಾಯಿಸುವುದು ಒಳ್ಳೆಯದು. ಹೊಸ ಶೆಲ್ಲನ್ನು ತಟ್ಟೆಯೊಳಗಿಟ್ಟು ಬಿಚ್ಚಿ. ರೋಲರು, ಜಾರುಹಾಳೆ, ಪ್ಯಾಡಿನ ಸ್ಪ್ರಿಂಗು ಎಲ್ಲಿದ್ದವೆಂದು ಫೋಟೊ ತೆಗೆದಿಟ್ಟುಕೊಳ್ಳಿ. ಎರಡೂ ಚಕ್ರಗಳನ್ನು ಸುರುಳಿ ಸಮೇತ ಒಟ್ಟಿಗೇ ಎತ್ತಿ ಇಡಿ, ಟೇಪಿನ ಮೈಗೆ ಬೆರಳು ತಾಗಿಸಬೇಡಿ. ಹಳೆಯ ಶೆಲ್ಲಿಗೆ ಸ್ಕ್ರೂ ಇಲ್ಲದೆ ಬೆಸೆದಿದ್ದರೆ ಅಂಚಿನ ಸೀಳಿನಲ್ಲಿ ತೆಳು ಬ್ಲೇಡು ತೂರಿಸಿ ಸುತ್ತಲೂ ಮೆಲ್ಲಗೆ ಬಿಡಿಸಬೇಕು. ಬ್ಲೇಡು ಒಳಗೆ 3 ಮಿ.ಮೀ. ಗಿಂತ ಹೆಚ್ಚು ಹೋಗಬಾರದು. ಟೇಪು ತುಂಡಾಗಿದ್ದರೆ 3.81 ಮಿ.ಮೀ. ಅಗಲದ ಸ್ಪ್ಲೈಸಿಂಗ್ ಟೇಪನ್ನೇ ಬಳಸಿ. ಸೆಲೋಟೇಪಿನ ಅಂಟು ಹರಿದು ಪಕ್ಕದ ಸುತ್ತುಗಳಿಗೆ ಹತ್ತಿಕೊಳ್ಳುತ್ತದೆ.

## ಡಿಜಿಟಲ್‌ಗೆ ಇಳಿಸುವಾಗ

ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್ ಇದೆ, ಸಾಲದಾ?

ನೆನಪಿಗೆ ಕೇಳಲು ಸಾಕು, ಮರುಬಿಡುಗಡೆಗೆ ಸಾಲದು. ಅಗ್ಗದ ಯಂತ್ರಗಳಲ್ಲಿ ವೇಗ ಅಲುಗಾಡುತ್ತದೆ, ಹಿಸ್ ತಗ್ಗಿಸುವ ಡಾಲ್ಬಿ ಇರುವುದಿಲ್ಲ, ಹೆಡ್ಡಿನ ಓರೆ ತಿದ್ದಲು ಬರುವುದಿಲ್ಲ. ಮೂರು ಹೆಡ್ಡಿನ ಸರ್ವಿಸ್ ಆದ ಹಳೆಯ ಡೆಕ್ ಹುಡುಕಿ. ಟ್ಯಾಸ್ಕಮ್ 122ರಂಥದ್ದಾದರೆ ವೇಗ ಹೆಚ್ಚು ಕಡಿಮೆ ಮಾಡುವ ಪಿಚ್ ಕಂಟ್ರೋಲೂ ಇರುತ್ತದೆ. ಆಟೋ ರಿವರ್ಸ್ ಡೆಕ್ ಬೇಡ: ತಿರುಗುವ ಹೆಡ್ ಪ್ರತಿ ಸಲ ಅದೇ ಕೋನಕ್ಕೆ ಬಂದು ನಿಲ್ಲುವುದಿಲ್ಲ. ವರ್ಷಗಟ್ಟಲೆ ಸುಮ್ಮನಿದ್ದ ಡೆಕ್ಕಿನ ಬೆಲ್ಟು ಡಾಂಬರಿನಂತೆ ಕರಗಿರುವುದು ಮಾಮೂಲು, ಮೊದಲು ಅದನ್ನು ಬದಲಿಸಿ. ಬೆಲ್ಟು, ಹೆಡ್ ಒರೆಸುವ ಐಸೊಪ್ರೊಪೈಲ್ ಸ್ಪಿರಿಟ್ ಇವಕ್ಕೆಲ್ಲ ಬೆಂಗಳೂರಿನವರು ಎಸ್‌.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಬಹುದು.

ಅಮೆರಿಕದಿಂದ ತರಿಸಿದ ಡೆಕ್ಕು 120 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರ ಹಾಕಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ, ಸ್ಟೆಪ್‌ಡೌನ್ ಬೇಕೇಬೇಕು. ಸ್ಟೆಪ್‌ಡೌನ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು 50 ಹರ್ಟ್ಸನ್ನು 60 ಮಾಡುವುದಿಲ್ಲ. ಡಿಸಿ ಮೋಟರಿನ ಡೆಕ್ಕಿಗೆ ಇದರಿಂದ ತೊಂದರೆಯಿಲ್ಲ. ಎಸಿ ಸಿಂಕ್ರೊನಸ್ ಮೋಟರಿನ ಹಳೆಯ ಡೆಕ್ಕಾದರೆ ಶೇಕಡ 17ರಷ್ಟು ನಿಧಾನ ಓಡುತ್ತದೆ.

ಎಲ್ಲರೂ ಅಜಿಮತ್ ಅಜಿಮತ್ ಅಂತಾರೆ. ಅದೇನು, ನಾನೇ ಸರಿಮಾಡ್ಕೋಬಹುದಾ?

ಹೆಡ್ಡಿನಲ್ಲಿರುವ ಸಣ್ಣ ಸೀಳು ಟೇಪಿನ ಓಟಕ್ಕೆ ಸರಿಯಾಗಿ 90 ಡಿಗ್ರಿಯಲ್ಲಿ ನಿಂತಿರಬೇಕು, ಅದೇ ಅಜಿಮತ್. ಕ್ಯಾಸೆಟ್ ಓಡುವುದು ಸೆಕೆಂಡಿಗೆ 4.76 ಸೆಂ.ಮೀ. ಹಾಗಾಗಿ 10 ಕಿಲೋಹರ್ಟ್ಸ್ ಸದ್ದಿನ ಒಂದು ಪೂರ್ತಿ ಅಲೆ ಟೇಪಿನ ಮೇಲೆ 4.76 ಮೈಕ್ರಾನ್ ಜಾಗದಲ್ಲಿ ಮುಗಿದುಹೋಗುತ್ತದೆ. ಸೀಳು ಕೂದಲೆಳೆಯಷ್ಟು ಓರೆಯಾದರೂ ಟ್ರ್ಯಾಕಿನ ಮೇಲಂಚು ಅಲೆಯ ಏರನ್ನೂ ಕೆಳಂಚು ಅದರ ಇಳಿತವನ್ನೂ ಓದಿ ಒಂದನ್ನೊಂದು ಅಳಿಸಿಹಾಕುತ್ತವೆ. ಹೈ–ಹ್ಯಾಟು, ‘ಸ’ ‘ಚ’ಗಳ ಅಂಚು ಹೋಗುವುದು ಹೀಗೆ. ಈಕ್ವಲೈಸರ್‌ನಲ್ಲಿ ಏರಿಸಿದರೆ ಬರುವುದು ಹಿಸ್ ಮಾತ್ರ.

ಮಾಡುವ ಕ್ರಮ ಇದು. 99 ಶೇಕಡ ಐಸೊಪ್ರೊಪೈಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಹೆಡ್ ಮತ್ತು ಕ್ಯಾಪ್‌ಸ್ಟನ್ (ಟೇಪನ್ನು ಎಳೆಯುವ ಲೋಹದ ಕಡ್ಡಿ) ಒರೆಸಿ. ಟೇಪನ್ನು ಅದಕ್ಕೆ ಒತ್ತುವ ರಬ್ಬರಿನ ಪಿಂಚ್ ರೋಲರಿಗೆ ಸ್ಪಿರಿಟ್ ಬೇಡ, ಸೋಪಿನ ನೀರಲ್ಲಿ ಹಿಂಡಿದ ಬಟ್ಟೆ ಸಾಕು. ಹೆಡ್ಡನ್ನು ಡಿಮ್ಯಾಗ್ನೆಟೈಸ್ ಮಾಡಿ, ಅಂದರೆ ಅದಕ್ಕೆ ಹತ್ತಿದ ಅಯಸ್ಕಾಂತ ಗುಣ ತೆಗೆಯಿರಿ. ಹೆಡ್ಡಿನ ಅಕ್ಕಪಕ್ಕ ಎರಡು ಸ್ಕ್ರೂ ಇರುತ್ತವೆ. ಸ್ಪ್ರಿಂಗ್ ಇರುವುದೇ, ಅನೇಕ ಸಲ ಮೇಲೆ ಬಣ್ಣದ ಹನಿ ಬಿಟ್ಟಿರುವುದೇ, ಅಜಿಮತ್ ಸ್ಕ್ರೂ. ಅದರ ಈಗಿನ ಸ್ಥಾನವನ್ನು ಗುರುತು ಮಾಡಿಟ್ಟುಕೊಳ್ಳಿ. ಅಯಸ್ಕಾಂತವಾಗಿರದ ಸ್ಕ್ರೂಡ್ರೈವರ್ ಹಿಡಿಯಿರಿ. ಎಡ–ಬಲ ಎರಡು ಚಾನಲ್‌ಗಳನ್ನು ಮೋನೊ ಆಗಿ ಕೂಡಿಸಿ, ಹೆಡ್‌ಫೋನ್ ಹಾಕಿ, ಹೈ–ಹ್ಯಾಟ್ ಚೆನ್ನಾಗಿರುವ ಜಾಗ ಓಡಿಸಿ, ಎಂಟನೇ ಒಂದು ಸುತ್ತಿನಂತೆ ಅತ್ತಿತ್ತ ತಿರುಗಿಸುತ್ತ ಅತಿ ಹೆಚ್ಚು ಚೂಪಾಗಿ ಕೇಳುವಲ್ಲಿ ನಿಲ್ಲಿಸಿ. ಮೋನೊ ಮಾಡದಿದ್ದರೆ ವ್ಯತ್ಯಾಸ ಕಿವಿಗೆ ಸರಿಯಾಗಿ ಹತ್ತುವುದಿಲ್ಲ. ಕಂಪ್ಯೂಟರಿನಲ್ಲಿ ಎರಡು ಚಾನಲ್ ಎಷ್ಟು ಹೊಂದುತ್ತವೆಂದು ತೋರಿಸುವ ಕೋರಿಲೇಶನ್ ಮೀಟರ್ ಹಾಕಿದರೆ ಕಣ್ಣಿಗೂ ಸಾಕ್ಷಿ ಸಿಗುತ್ತದೆ, +1ರ ಕಡೆ ಸರಿದಷ್ಟೂ ಒಳ್ಳೆಯದು.

ತಪ್ಪುವುದೆಲ್ಲಿ? ಒಂದು, ಸೈಡ್ ಎಗೆ ಹೊಂದಿಸಿದ್ದನ್ನೇ ಸೈಡ್ ಬಿಗೂ ಬಿಡುವುದು. ಮನೆಯಲ್ಲಿ ತೆಗೆದ ಕಾಪಿಯಲ್ಲಿ ಎರಡೂ ಬೇರೆ ಇರುತ್ತವೆ, ಮತ್ತೆ ಹೊಂದಿಸಬೇಕು. ಎರಡು, ಸುಳ್ಳು ಶಿಖರ: ಅತಿ ಎತ್ತರದ ಸದ್ದು ತಪ್ಪು ಕೋನದಲ್ಲೂ ಒಮ್ಮೆ ಚುರುಕಾಗುತ್ತದೆ, ಹಾಗಾಗಿ ಮೊದಲು ದನಿಯ ಮಧ್ಯಮ ಸ್ವರಗಳು ಗಟ್ಟಿಯಾಗುವಂತೆ ತಂದು ಆಮೇಲೆ ಹೈ–ಹ್ಯಾಟ್ ನೋಡಿ. ಮೂರು, ನಿರೀಕ್ಷೆ. ನೀವು ತಿದ್ದುವುದು ಕೊನೆಯ ಕಾಪಿಯ ಓರೆಯನ್ನು ಮಾತ್ರ. ಅದರ ಹಿಂದಿನ ಡೆಕ್ಕಿನಲ್ಲಿ ಕಳೆದದ್ದು ಆಗಲೇ ಕಳೆದಿದೆ.

ಡಾಲ್ಬಿ ಆನ್ ಇಡ್ಲಾ, ಆಫ್ ಇಡ್ಲಾ?

ಇಳಿಸುವಾಗ ಆಫ್. ಡಾಲ್ಬಿ ಬಿ ಹಿಸ್ಸನ್ನು ಸುಮಾರು 10 ಡೆಸಿಬೆಲ್ ತಗ್ಗಿಸುತ್ತದೆ, ಆದರೆ ರೆಕಾರ್ಡ್ ಮಾಡುವಾಗಲೂ ಡಾಲ್ಬಿ ಹಾಕಿದ್ದರೆ ಮಾತ್ರ. ಹಾಕದೆ ಮಾಡಿದ ಟೇಪಿಗೆ ಆನ್ ಮಾಡಿದರೆ ಮೆಲುದನಿಯ ಜಾಗಗಳಲ್ಲಿ ಹೈ–ಹ್ಯಾಟನ್ನೇ ನುಂಗುತ್ತದೆ. ಮನೆಯ ಕಾಪಿಗಳ ಮೇಲೆ ಡಾಲ್ಬಿ ಎಂದು ಬರೆದಿರುವುದನ್ನೂ ಬರೆಯದಿರುವುದನ್ನೂ ನಂಬುವಂತಿಲ್ಲ. ಆಫ್‌ನಲ್ಲಿ ಇಳಿಸಿಟ್ಟರೆ ಮುಂದೆ ತಂತ್ರಾಂಶದಲ್ಲಿ ಡಿಕೋಡ್ ಮಾಡಿ ನೋಡಬಹುದು. ಅದಕ್ಕೆ ಡೆಕ್ಕಿನ ಮಟ್ಟ ಗೊತ್ತಿರಬೇಕು, ಮೊದಲೇ ಡಾಲ್ಬಿ ಮಟ್ಟದ ಟೆಸ್ಟ್ ಟೇಪನ್ನು (ಮೀಟರಿಗೆ 200 ನ್ಯಾನೋವೆಬರ್) ಓಡಿಸಿ ದಾಖಲಿಸಿಟ್ಟುಕೊಳ್ಳಿ.

ಇದರ ಜೊತೆಗೇ ಟೇಪಿನ ಜಾತಿಯ ಸ್ವಿಚ್ ನೋಡಿ. ಮೇಲಿನ ಸ್ವರಗಳ ಮಟ್ಟ ಹೊಂದಿಸುವ ಈ ಸ್ವಿಚ್ಚು ಟೈಪ್ 1 ಫೆರಿಕ್‌ಗೆ 120 ಮೈಕ್ರೊಸೆಕೆಂಡ್, ಟೈಪ್ 2 ಕ್ರೋಮ್‌ಗೆ 70. ಡೆಕ್ಕು ಶೆಲ್ಲಿನ ಬೆನ್ನಿನ ತೂತು ನೋಡಿ ತಾನೇ ತೀರ್ಮಾನಿಸುವಂಥದ್ದಾದರೆ, ಶೆಲ್ ಬದಲಿಸಿದ ಟೇಪಿಗೆ ಮೋಸಹೋಗುತ್ತದೆ. ಫೆರಿಕ್ ಟೇಪನ್ನು 70ರಲ್ಲಿ ಓಡಿಸಿದರೆ ಮೇಲಿನ ಸ್ವರಗಳು 4 ಡೆಸಿಬೆಲ್‌ಗಿಂತ ಹೆಚ್ಚು ಬೀಳುತ್ತವೆ.

ಸ್ಪೀಡ್ ಸರಿ ಇದೆ ಅಂತ ಹೇಗೆ ಹೇಳೋದು? ಇವರು ಬೇಕಂತಲೇ ನಿಧಾನ ಮಾಡ್ತಿದ್ರಲ್ಲ?

ಕರೆಂಟಿನ ಗುಂಯ್ ಸದ್ದೇ ಸಾಕ್ಷಿ. ಅಮೆರಿಕದ ವಿದ್ಯುತ್ತು 60 ಹರ್ಟ್ಸ್. ಮೆಂಫಿಸ್‌ನಲ್ಲಿ ರೆಕಾರ್ಡ್ ಮಾಡಿದ ಟೇಪಿನೊಳಗೆ ಆ ಗುಂಯ್ ಸಣ್ಣಗೆ ಕೂತಿರುತ್ತದೆ. ಭಾರತದಲ್ಲಿ ಇಳಿಸುವವರಿಗೆ ಇಲ್ಲೊಂದು ಅನುಕೂಲವಿದೆ. ನಿಮ್ಮ ಡೆಕ್ಕು ಸೇರಿಸುವ ಗುಂಯ್ 50, 100, 150ರಲ್ಲಿ ಬೀಳುತ್ತದೆ, ಟೇಪಿನದ್ದು 60, 120, 180ರ ಆಸುಪಾಸಿನಲ್ಲಿ. ಅಮೆರಿಕದಲ್ಲೇ ಇಳಿಸಿದರೆ ಎರಡೂ ಬೆರೆತು ಗೊಂದಲವಾಗುತ್ತದೆ.

ಹಾಡು ಶುರುವಾಗುವ ಮೊದಲಿನ ಖಾಲಿ ಜಾಗದಿಂದ ಕನಿಷ್ಠ 5 ಸೆಕೆಂಡಿನ ತುಂಡು ತೆಗೆದು ಫ್ರೀಕ್ವೆನ್ಸಿ ವಿಶ್ಲೇಷಣೆ ಮಾಡಿ. ಅದಕ್ಕಿಂತ ಚಿಕ್ಕ ತುಂಡಿನಲ್ಲಿ ಅರ್ಧ ಹರ್ಟ್ಸಿನ ವ್ಯತ್ಯಾಸ ಕಾಣದು. 60 ಇರಬೇಕಾದಲ್ಲಿ 62 ಕಂಡರೆ ಟೇಪು ಶೇಕಡ 3.3 ವೇಗವಾಗಿ ಓಡುತ್ತಿದೆ, ಸ್ವರ ಅರ್ಧ ಸೆಮಿಟೋನಿಗಿಂತ ಸ್ವಲ್ಪ ಮೇಲಿದೆ. 180ರ ಹತ್ತಿರದ ಗೆರೆಯಲ್ಲೇ ಅಳೆದರೆ ತಪ್ಪು ಮೂರು ಪಟ್ಟು ದೊಡ್ಡದಾಗಿ ಕಾಣುವುದರಿಂದ ಲೆಕ್ಕ ಹೆಚ್ಚು ನಿಖರ.

ಒಂದರ ಪಕ್ಕ ಇನ್ನೊಂದು ಗೆರೆ, ಉದಾಹರಣೆಗೆ 61ರಲ್ಲೊಂದು 58ರಲ್ಲೊಂದು ಕಂಡರೆ ಅದು ಎರಡು ತಲೆಮಾರಿನ ಕಾಪಿ. ಒಂದೊಂದು ಡೆಕ್ಕೂ ತನ್ನ ಗುಂಯ್ ಬಿಟ್ಟುಹೋಗಿದೆ. ಹಾಡಿನ ಶುರುವಿಗೆ ಮೊದಲೂ ಮುಗಿದ ಮೇಲೂ ಇರುವ ಗೆರೆ ಕೊನೆಯ ಕಾಪಿಯದು; ಹಾಡಿನ ಜೊತೆಗೇ ಬಂದು ಜೊತೆಗೇ ಹೋಗುವುದು ಮೂಲ ಮಿಕ್ಸಿನದು. ಕೊನೆಯ ಕಾಪಿಯ ಗೆರೆಯನ್ನು 60ಕ್ಕೆ ತನ್ನಿ, ಒಳಗಿನ ಗೆರೆಯನ್ನು ಮುಟ್ಟಬೇಡಿ. ಕಲಾವಿದರು ಪಿಚ್ ಇಳಿಸಿದ್ದರೆ ಅದು ಆ ಒಳಗೆರೆಯಲ್ಲೇ ಇದೆ, ಅದನ್ನು ‘ಸರಿ’ ಮಾಡಿದರೆ ಅವರು ಉದ್ದೇಶಪಟ್ಟು ಮಾಡಿದ್ದನ್ನು ಅಳಿಸಿದಂತೆ. ನಿಧಾನಿಸುವ ಈ ಪದ್ಧತಿ ಹ್ಯೂಸ್ಟನ್ ನಗರದ ಡಿಜೆ ಸ್ಕ್ರೂ ಕೈಯಲ್ಲಿ ಒಂದು ಶೈಲಿಯೇ ಆಯಿತು.

ಯಾವ ಫಾರ್ಮ್ಯಾಟಲ್ಲಿ ಇಡ್ಲಿ, ಎಷ್ಟು ಜಾಗ ಬೇಕು?

24 ಬಿಟ್, 96 ಕಿಲೋಹರ್ಟ್ಸ್ ವೇವ್. ನಿಮಿಷಕ್ಕೆ ಸುಮಾರು 35 ಎಂಬಿ, 60 ನಿಮಿಷದ ಟೇಪಿಗೆ 2 ಜಿಬಿಗಿಂತ ತುಸು ಹೆಚ್ಚು. ಅತಿ ಜೋರಿನ ಜಾಗ −6 ಡೆಸಿಬೆಲ್ ದಾಟದಂತೆ ಮಟ್ಟ ಇಟ್ಟು, ಸೈಡ್ ಮುಗಿಯುವ ತನಕ ಮುಟ್ಟಬೇಡಿ. ಹಾಡು ಹಾಡಾಗಿ ಕತ್ತರಿಸುವುದೆಲ್ಲ ನಕಲಿನಲ್ಲಿ, ಮೂಲ ಫೈಲಿನಲ್ಲಲ್ಲ.

ನಾಲ್ಕು ಟ್ರ್ಯಾಕಿನ ಮಾಸ್ಟರ್ ಕ್ಯಾಸೆಟ್ಟೇ ಸಿಕ್ಕಿದೆ, ಆದ್ರೆ ಹಾಡು ಉಲ್ಟಾ ಕೇಳ್ತಿದೆ. ಏನ್ಮಾಡ್ಲಿ?

ಸಿಕ್ಕಿರುವುದು ಅತಿ ಬೆಲೆಬಾಳುವ ವಸ್ತು, ಡೆಕ್ಕಿನಿಂದ ತೆಗೆದಿಡಿ. ನಾಲ್ಕು ಟ್ರ್ಯಾಕಿನ ಯಂತ್ರ ಟೇಪಿನ ಪೂರ್ತಿ ಅಗಲವನ್ನು ಒಂದೇ ದಿಕ್ಕಿಗೆ ಬಳಸುತ್ತದೆ. ಮಾಮೂಲಿ ಡೆಕ್ಕಿನಲ್ಲಿ ಎರಡು ಟ್ರ್ಯಾಕ್ ನೇರ, ಸೈಡ್ ತಿರುಗಿಸಿದರೆ ಉಳಿದೆರಡು ಉಲ್ಟಾ. ಎಷ್ಟೋ ಯಂತ್ರಗಳು ದುಪ್ಪಟ್ಟು ವೇಗದಲ್ಲಿ, ಸೆಕೆಂಡಿಗೆ 9.5 ಸೆಂ.ಮೀ. ನಂತೆ ದಾಖಲಿಸುತ್ತಿದ್ದವು, ಅದಕ್ಕೇ ಅರ್ಧ ವೇಗದಲ್ಲಿ ಎಳೆದಂತೆ ಕೇಳುವುದೂ ಉಂಟು. ಅದೇ ಮಾದರಿಯ ಯಂತ್ರ ಹುಡುಕಿ. ನಾಯ್ಸ್ ರಿಡಕ್ಷನ್ (ಹಿಸ್ ತಗ್ಗಿಸುವ ವ್ಯವಸ್ಥೆ) ಹೊಂದುವುದೂ ಮುಖ್ಯ: ಟ್ಯಾಸ್ಕಮ್‌ನ ಪೋರ್ಟಾಸ್ಟುಡಿಯೊಗಳಲ್ಲಿ ಡಿಬಿಎಕ್ಸ್, ಫಾಸ್ಟೆಕ್ಸ್‌ನವುಗಳಲ್ಲಿ ಹೆಚ್ಚಾಗಿ ಡಾಲ್ಬಿ. ಡಿಬಿಎಕ್ಸ್ ಇಲ್ಲದೆ ಇಳಿಸಿದರೆ ಸದ್ದೆಲ್ಲ ಹಿಸುಕಿದಂತೆ ಕೇಳುತ್ತದೆ. ನಾಲ್ಕನ್ನೂ ಒಂದೇ ಓಟದಲ್ಲಿ, ನಾಲ್ಕು ಬೇರೆ ಔಟ್‌ಪುಟ್‌ಗಳಿಂದ ಇಳಿಸಿ. ಎರಡೆರಡಾಗಿ ಇಳಿಸಿ ಆಮೇಲೆ ಜೋಡಿಸಹೋದರೆ ವೇಗದ ಅಲುಗಾಟ ಎರಡು ಓಟದಲ್ಲೂ ಒಂದೇ ಇರುವುದಿಲ್ಲ, ತಾಳ ಬಿಟ್ಟುಹೋಗುತ್ತದೆ.

## ಮರುಬಿಡುಗಡೆಗೆ ಕೈಹಾಕಿದವರಿಗೆ

ಹಿಸ್ ಪೂರ್ತಿ ತೆಗೆದು ಕ್ಲೀನ್ ಮಾಡಿಬಿಡಬಾರದಾ?

ಬೇಡ. 3ರಿಂದ 6 ಡೆಸಿಬೆಲ್ ಇಳಿಸಿ ನಿಲ್ಲಿಸಿ. ತಂತ್ರಾಂಶಕ್ಕೆ ಹಿಸ್ಸೂ ಹೈ–ಹ್ಯಾಟೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಹೆಚ್ಚು ಎಳೆದರೆ ಹೈ–ಹ್ಯಾಟಿನ ಬಾಲ ನೀರಿನೊಳಗಿನ ಗುಳುಗುಳು ಆಗುತ್ತದೆ, ದನಿಯ ಸುತ್ತಲಿನ ಕೋಣೆ ಮಾಯವಾಗುತ್ತದೆ. ಹಿಸ್ಸಿಗಿಂತ ಮೊದಲು ಮಾಡಬೇಕಾದ ಕೆಲಸ ಬೇರೆ ಇದೆ: ಒಂದೇ ಟೇಪಿನ ಎರಡು ಮೂರು ಕಾಪಿ ಕಲೆಹಾಕಿ, ಒಂದರಲ್ಲಿ ಸದ್ದು ಹಾರಿಹೋದ ಜಾಗಕ್ಕೆ ಇನ್ನೊಂದರ ತುಂಡನ್ನು ಸ್ಪೀಡು, ಮಟ್ಟ ಹೊಂದಿಸಿ ಕೂರಿಸುವುದು. ಬೇಸರದ ಕೆಲಸವೇ ಸರಿ, ಆದರೆ ಕೇಳುಗನಿಗೆ ನಿಜವಾಗಿ ಲಾಭವಾಗುವುದು ಅದರಿಂದ. ಜೋರು ಮಾಡುವ ಲಿಮಿಟರ್‌ನಲ್ಲೂ ಕೈ ಹಿಡಿತವಿರಲಿ. ಹಾಡು ಜೋರಾದಷ್ಟು ಹಿಸ್ಸೂ ಮೇಲೇರುತ್ತದೆ.

ಎಲ್‌ಪಿ ಮಾಡಿಸ್ಬೇಕು ಅಂತಿದ್ದೀವಿ. ಒಂದೇ ಡಿಸ್ಕಲ್ಲಿ ಕೂರುತ್ತಾ?

ಕೂರುವುದಿಲ್ಲ. 33⅓ ವೇಗದ ಎಲ್‌ಪಿಯ ಒಂದು ಬದಿಗೆ 18ರಿಂದ 22 ನಿಮಿಷ ಸರಿ. ಸಿ–60 ಟೇಪಿನ ಬದಿ 30 ನಿಮಿಷ. ಬಾಸ್ ಭಾರಿಯಾಗಿರುವ ಇಂಥ ಸಂಗೀತಕ್ಕೆ ಗೀರು ಅಗಲ ಬೇಕು, ಇಕ್ಕಟ್ಟು ಮಾಡಿದರೆ ಮಟ್ಟವನ್ನೇ ತಗ್ಗಿಸಬೇಕಾಗುತ್ತದೆ. ಎರಡು ಡಿಸ್ಕು, ನಾಲ್ಕು ಬದಿ, ಬದಿಗೆ 15 ನಿಮಿಷ ಎಂದು ಲೆಕ್ಕ ಹಾಕಿ. ತಡೆಯಿಲ್ಲದೆ ಹರಿಯುವ ಟೇಪನ್ನು ಎಲ್ಲಿ ಮುರಿಯುವುದು ಎಂಬುದು ಸೂಕ್ಷ್ಮ ವಿಷಯ. ಹಾಡಿನ ಮಧ್ಯೆ ಫೇಡ್ ಮಾಡಬೇಡಿ, ಮಾತು ಅಥವಾ ಹೆಸರು ಕೂಗುವ ಜಾಗ ಆರಿಸಿ. 150 ಹರ್ಟ್ಸಿನ ಕೆಳಗಿನ ಬಾಸನ್ನು ಮೋನೊ ಮಾಡಿಕೊಡಿ. ಎಡ–ಬಲ ಚಾನಲ್‌ಗಳ ಬಾಸ್ ಹೊಂದದಿದ್ದರೆ ಕತ್ತರಿಸುವ ಸೂಜಿ ಮೇಲೆ ಕೆಳಗೆ ಕುಣಿಯುತ್ತದೆ, ಆ ಜಾಗದಲ್ಲಿ ಕೇಳುಗನ ಸೂಜಿ ಗೀರು ಬಿಟ್ಟು ಹಾರುತ್ತದೆ.

ಮತ್ತೆ ಕ್ಯಾಸೆಟ್ಟಲ್ಲೇ ತಂದ್ರೆ ಚೆಂದ ಅಲ್ವಾ?

ಚೆಂದವೇ, ಖರ್ಚೂ ಎಲ್‌ಪಿಗಿಂತ ಕಮ್ಮಿ. ಅಮೆರಿಕದ ಮಿಸ್ಸೌರಿಯ ನ್ಯಾಷನಲ್ ಆಡಿಯೊ ಕಂಪನಿಯಂಥವರು ಈಗಲೂ ತಯಾರಿಸುತ್ತಾರೆ. ಬೇಕಾದಷ್ಟೇ ಉದ್ದದ ಟೇಪು ತುಂಬಿಸಿಕೊಳ್ಳಿ: ಉದ್ದದ ಬದಿ 30 ನಿಮಿಷ 20 ಸೆಕೆಂಡ್ ಆದರೆ ಸಿ–62. ಸಿ–90ಕ್ಕೆ ಹೋಗಬೇಡಿ, ಸಿ–60ಯ ಟೇಪು ಸುಮಾರು 18 ಮೈಕ್ರಾನ್ ದಪ್ಪ, ಸಿ–90ಯದು 12, ತೀರಾ ತೆಳು. ಮೊದಲ ಸದ್ದಿನ ಮುಂದೆ 5 ಸೆಕೆಂಡ್ ಖಾಲಿ ಬಿಡಿ, ಇಲ್ಲವಾದರೆ ಶುರುವಿನ ಮಾತು ಕಾಂತಲೇಪ ಇಲ್ಲದ ಲೀಡರಿನ ಮೇಲೆ ಬಿದ್ದು ಹೋಗುತ್ತದೆ. ಸ್ಟ್ರೀಮಿಂಗ್‌ಗೆ ಮಾಡಿದ ಜೋರು ಮಾಸ್ಟರನ್ನು ಕೊಡಬೇಡಿ, ಫೆರಿಕ್ ಟೇಪಿನಲ್ಲಿ ಹೈ–ಹ್ಯಾಟ್ ತುಂಬಿ ಕರಕರ ಅನ್ನುತ್ತದೆ.

ಮೂವತ್ತು ವರ್ಷ ಆಯ್ತಲ್ಲ, ಸ್ಯಾಂಪಲ್‌ಗೆ ಈಗ ಯಾರು ಕೇಳ್ತಾರೆ?

ಕೇಳುತ್ತಾರೆ. ಹಾಡಿನ ರಚನೆಗೆ ಒಂದು ಹಕ್ಕು, ರೆಕಾರ್ಡಿಂಗಿಗೆ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಅನುಮತಿ ಬೇಕು. 1991ರಲ್ಲಿ ರ‍್ಯಾಪರ್ ಬಿಜ್ ಮಾರ್ಕಿ ವಿರುದ್ಧದ ಪ್ರಕರಣದಲ್ಲಿ ನ್ಯಾಯಾಲಯ ಆಲ್ಬಮ್ ಮಾರಾಟಕ್ಕೇ ತಡೆ ಕೊಟ್ಟಿತು. 2005ರ ಬ್ರಿಜ್‌ಪೋರ್ಟ್ ಪ್ರಕರಣದ ತೀರ್ಪು ಇನ್ನೂ ಬಿಗಿ. ಗಿಟಾರಿನ ಎರಡೇ ಸೆಕೆಂಡ್ ಎತ್ತಿ, ಸ್ವರ ಇಳಿಸಿ, ಸುತ್ತು ಹಾಕಿದ್ದಕ್ಕೂ ಲೈಸೆನ್ಸ್ ಬೇಕೆಂದಿತು. ಆ ತೀರ್ಪು ಕೊಟ್ಟದ್ದು ಆರನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ, ಟೆನೆಸಿ ರಾಜ್ಯ ಬರುವುದು ಅದರ ವ್ಯಾಪ್ತಿಯಲ್ಲೇ. 2016ರಲ್ಲಿ ಒಂಬತ್ತನೇ ಸರ್ಕ್ಯೂಟ್ ಬೇರೆ ಅಭಿಪ್ರಾಯ ಕೊಟ್ಟಿದ್ದರೂ ಮೆಂಫಿಸ್ ಟೇಪಿಗೆ ಅದನ್ನು ನೆಚ್ಚಿಕೊಳ್ಳುವುದು ಕಷ್ಟ. ಮೊಕದ್ದಮೆ ಹೂಡಲು ಮೂರು ವರ್ಷದ ಗಡುವು ಇದೆಯಾದರೂ ಹೊಸ ಬಿಡುಗಡೆಯೆಂದರೆ ಹೊಸ ಉಲ್ಲಂಘನೆ, ಗಡಿಯಾರ ಮತ್ತೆ ಶುರು. ಅನುಮತಿ ಸಿಗದಿದ್ದಲ್ಲಿ ಆ ಭಾಗವನ್ನು ಹೊಸದಾಗಿ ನುಡಿಸಬಹುದು, ಆಗ ರಚನೆಯ ಹಕ್ಕು ಮಾತ್ರ ಕೇಳಿದರೆ ಸಾಕು. ಆದರೆ ಅದು ಆ ಟೇಪಾಗಿ ಉಳಿಯುವುದಿಲ್ಲ. ಅಂಥ ಹಾಡನ್ನು ಬಿಟ್ಟು, ಬಿಟ್ಟಿದ್ದೇವೆಂದು ಹೊದಿಕೆಯಲ್ಲೇ ಅಚ್ಚು ಹಾಕುವುದು ಪ್ರಾಮಾಣಿಕ ದಾರಿ.

ಜೋಡಿಯಲ್ಲಿ ಒಬ್ರು ಇಲ್ಲ. ಬದುಕಿರೋರ ಸಹಿ ಸಾಕಾ?

ಅಮೆರಿಕದ ಕಾನೂನಿನಲ್ಲಿ ಜಂಟಿ ಕೃತಿಯ ಒಬ್ಬ ಒಡೆಯ ಒಬ್ಬನೇ ಲೈಸೆನ್ಸ್ ಕೊಡಬಹುದು, ಆದರೆ ಏಕಸ್ವಾಮ್ಯದ್ದಲ್ಲ; ಬಂದ ಹಣದ ಪಾಲನ್ನು ಇನ್ನೊಬ್ಬರಿಗೆ ಅಥವಾ ವಾರಸುದಾರರಿಗೆ ಕೊಡಲೇಬೇಕು. ನಿಮಗೆ ಮಾತ್ರ ಹಕ್ಕು ಬೇಕೆಂದರೆ ಎಲ್ಲರ ಸಹಿ ಬೇಕು. ಕಾನೂನು ಹೇಗೇ ಇರಲಿ, ತೀರಿಕೊಂಡವರ ಮನೆಯವರನ್ನು ಕೇಳದೆ ಹೊರತರಬಾರದು. ಅತಿಥಿಯಾಗಿ ಹಾಡಿದವರು, ಹೊದಿಕೆಯ ಫೋಟೊ ತೆಗೆದವರು ಕೂಡ ಪಟ್ಟಿಯಲ್ಲಿರಲಿ. ಇವರನ್ನೇ ಹೆಚ್ಚು ಜನ ಮರೆಯುವುದು.

ಆಗ ಕಂಪನಿಗೆ ಬರೆದುಕೊಟ್ಟಿದ್ರೆ ಹಕ್ಕು ಮುಗೀತಾ?

1978ರ ನಂತರ ಕಲಾವಿದರೇ ಬರೆದುಕೊಟ್ಟ ಹಕ್ಕನ್ನು 35 ವರ್ಷಗಳ ಬಳಿಕ ವಾಪಸ್ ಪಡೆಯಲು ಅಮೆರಿಕದ ಕಾಪಿರೈಟ್ ಕಾಯ್ದೆಯ 203ನೇ ವಿಭಾಗ ಅವಕಾಶ ಕೊಡುತ್ತದೆ. 1994ರ ಕರಾರಿಗೆ ಆ ಬಾಗಿಲು 2029ರಲ್ಲಿ ತೆರೆದು ಐದು ವರ್ಷ ತೆರೆದಿರುತ್ತದೆ. ನೋಟಿಸನ್ನು 2ರಿಂದ 10 ವರ್ಷ ಮೊದಲೇ ಕೊಡಬೇಕು. ಜಂಟಿಯಾಗಿ ಬರೆದುಕೊಟ್ಟಿದ್ದರೆ ಬಹುಮತ ಬೇಕು, ಇಬ್ಬರ ಜೋಡಿಯಲ್ಲಿ ಬಹುಮತವೆಂದರೆ ಇಬ್ಬರೂ. ತೀರಿಕೊಂಡವರ ಪರವಾಗಿ ಪತ್ನಿ, ಮಕ್ಕಳು ಸಹಿ ಹಾಕುತ್ತಾರೆ. ಸಂಬಳಕ್ಕೆ ಮಾಡಿದ ಕೆಲಸಕ್ಕೆ ಇದು ಅನ್ವಯಿಸದು, ಅಮೆರಿಕದ ಹೊರಗಿನ ಹಕ್ಕಿಗೂ ಇಲ್ಲ.

ನಮ್ಮೂರಿನ 90ರ ದಶಕದ ಕ್ಯಾಸೆಟ್ ಇವೆ. ಅವಕ್ಕೂ ಇದೇ ಕ್ರಮನಾ?

ಡೆಕ್ಕಿನ ಕೆಲಸವೆಲ್ಲ ಇದೇ. ಒಂದು ವ್ಯತ್ಯಾಸ: ಇಲ್ಲಿ ರೆಕಾರ್ಡ್ ಆದ ಟೇಪಿನ ಗುಂಯ್ ಕೂಡ 50 ಹರ್ಟ್ಸ್, ನಿಮ್ಮ ಡೆಕ್ಕಿನದಕ್ಕೆ ಬೆರೆಯುತ್ತದೆ. ಮೊದಲು ಟೇಪು ಹಾಕದೆ ಡೆಕ್ಕಿನ ಗುಂಯ್ ಅನ್ನು ಮಾತ್ರ ರೆಕಾರ್ಡ್ ಮಾಡಿಟ್ಟು, ಆಮೇಲೆ ಪಿಚ್ ಕಂಟ್ರೋಲ್ ತಿರುಗಿಸಿ ಟೇಪು ಓಡಿಸಿ. ಜರುಗುವ ಗೆರೆ ಟೇಪಿನದು, ನಿಂತಲ್ಲೇ ನಿಲ್ಲುವುದು ಡೆಕ್ಕಿನದು.

ಹಕ್ಕಿನ ಲೆಕ್ಕ ಬೇರೆ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. ಅದು ಮೊದಲಿಗೆ ಸೇರುವುದು ನಿರ್ಮಾಪಕರಿಗೆ. ಕವಿ, ಸಂಗೀತ ನಿರ್ದೇಶಕರು ಬರೆದುಕೊಟ್ಟ ಪತ್ರದಲ್ಲಿ ಅವಧಿ ನಮೂದಿಸಿಲ್ಲವಾದರೆ ಅದನ್ನು 5 ವರ್ಷಕ್ಕೆಂದೂ, ಪ್ರದೇಶ ನಮೂದಿಸಿಲ್ಲವಾದರೆ ಭಾರತಕ್ಕೆ ಮಾತ್ರವೆಂದೂ ಕಾಪಿರೈಟ್ ಕಾಯ್ದೆಯ 19ನೇ ವಿಭಾಗ ಹೇಳುತ್ತದೆ. ಹಾಗಾಗಿ ಡೆಕ್ಕಿನ ಬೆಲ್ಟು ಹುಡುಕುವ ಮೊದಲೇ ಆ ಹಳೆಯ ಕರಾರುಪತ್ರ ಯಾರ ಮನೆಯಲ್ಲಿದೆ ಎಂದು ಹುಡುಕಿ, ಅದರ ದಿನಾಂಕ, ಸಹಿ ಎರಡೂ ಸ್ಪಷ್ಟವಾಗಿ ಕಾಣುವಂತೆ ಸ್ಕ್ಯಾನ್ ಮಾಡಿಸಿಟ್ಟುಕೊಳ್ಳಿ.